ಆ ಚಿಲಕ ತೆಗೆದಿದ್ದು ಯಾರು?

ನಮಸ್ಕಾರ. ಮಳೆ ಸದ್ದಿಗೆ ಅಲ್ಲಿ ಮಾತಾಡಿದ್ದು ಒಂದಕ್ಷರನೂ ರೆಕಾರ್ಡ್ ಆಗಿಲ್ಲ. ಅದಕ್ಕೆ ಮನೇಲಿ ಕೂತು ಮೇಲಿಂದ ಮಾತು ಸೇರಿಸ್ತಾ ಇದೀನಿ. ಮಧ್ಯೆ ಕುಕ್ಕರ್ ಕೂಗಿದ್ರೆ ಅದು ನಮ್ಮಮ್ಮನ ಇಲಾಖೆ, ಸಹಿಸ್ಕೊಳಿ.

ಇದು ಶಿವಮೊಗ್ಗ. ಭಾನುವಾರ ಮ್ಯಾಟಿನಿ ಬಿಟ್ಟ ಹೊತ್ತು. ಥಿಯೇಟರ್ ಬೋರ್ಡ್ ಬ್ಲರ್ ಮಾಡಿದೀನಿ, ಯಾಕೆ ಅಂತ ಮುಂದೆ ಗೊತ್ತಾಗತ್ತೆ. ಸಿನಿಮಾ ಹೆಸರೂ ಹೇಳಲ್ಲ. ಹೋದ ಸಲ ಒಂದು ಕ್ಲೈಮ್ಯಾಕ್ಸ್ ಬಾಯಿಬಿಟ್ಟಿದ್ದಕ್ಕೆ ಕಾಮೆಂಟಲ್ಲಿ ನೀವು ಬೈದಿದ್ದು ನೆನಪಿದೆ. ಆದ್ರೆ ಕೊನೇ ಶಾಟ್ ಹೇಳ್ಲೇಬೇಕು ಮಾರಾಯ್ರೆ, ಇವತ್ತಿನ ವ್ಲಾಗೇ ಅದು.

ನೀಲಿ ಜರ್ಕಿನ್ ಹಾಕಿರೋನು ಪಚ್ಚಿ. ಕೊಡೆ ಹಿಡ್ಕೊಂಡಿರೋಳು ಶ್ರುತಿ, ತೀರ್ಥಹಳ್ಳಿ ಕಡೆಯೋಳು, ಕನ್ನಡ ಪಾಠ ಮಾಡ್ತಾಳೆ. ಅದು ವಿನಯ, ಫೋನ್ ಬಿಟ್ಟು ತಲೆ ಎತ್ತಲ್ಲ. ಟಿಕೆಟ್ 150, ಪಾರ್ಕಿಂಗ್ 20. 2025ರ ಸೆಪ್ಟೆಂಬರಲ್ಲಿ ಸರ್ಕಾರ ಟಿಕೆಟಿಗೆ 200 ರೂಪಾಯಿ ಮಿತಿ ಅಂದಾಗ ನಾನು ಖುಷಿಯಲ್ಲಿ ಒಂದು ವಿಡಿಯೋ ಹಾಕಿದ್ದೆ. ಹದಿನೈದು ದಿನ ಆಗೋದ್ರೊಳಗೆ ಹೈಕೋರ್ಟ್ ತಡೆ ಕೊಡ್ತು, ನಾನು ವಿಡಿಯೋ ತೆಗ್ದೆ. ಇರ್ಲಿ.

ಕೊನೇ ಶಾಟ್. ಅಡಿಕೆ ತೋಟದ ಮಧ್ಯೆ ಒಂಟಿ ಮನೆ, ರಾತ್ರಿ, ಮಳೆ. ಮಗ ಮನೆ ಬಿಟ್ಟು ಹೋಗಿ ಹನ್ನೆರಡು ವರ್ಷ. ಯಾರೋ ಬಾಗಿಲು ಬಡೀತಾರೆ. ಅಮ್ಮ ಚಿಮಣಿ ದೀಪ ಹಿಡ್ಕೊಂಡು ಬಂದು ಚಿಲಕದ ಮೇಲೆ ಕೈ ಇಡ್ತಾಳೆ. ಕೈ ಅಷ್ಟೇ ಕಾಣತ್ತೆ, ಉಗುರ ಸಂದಿಯಲ್ಲಿ ಅಡಿಕೆ ಚೊಗರಿನ ಕಪ್ಪು. ಆ ಉಗುರು ನೋಡಿ ನನಗೆ ಗಂಟಲು ಕಟ್ತು, ಸುಳ್ಳಲ್ಲ, ನಮ್ಮಜ್ಜಿ ಕೈ ಹಾಗೇ ಇತ್ತು. ಪರದೆ ಕಪ್ಪಾಗತ್ತೆ.

ಆಮೇಲೆ ಟಕ್ ಅಂತ ಒಂದು ಸದ್ದು.

ಶ್ರುತಿ ಪ್ರಕಾರ ಚಿಲಕ ತೆಗೆದ್ಲು, ಮಗನ್ನ ಒಳಗೆ ಕರ್ಕೊಂಡ್ಲು. ವಿನಯನ ಪ್ರಕಾರ ಅದು ತೆಗೆದಿದ್ದಲ್ಲ, ಮೇಲಿನ ಇನ್ನೊಂದು ಚಿಲಕ ಹಾಕಿದ್ದು. ಬರೋದು ಬೇಡ ಅಂತ. ಇಬ್ರೂ ಹೊರಗೆ ಬರೋವಷ್ಟರಲ್ಲಿ ಜಗಳ ಶುರು. ನಾನು ಸುಮ್ನಿದ್ದೆ, ಯಾಕಂದ್ರೆ ನಾನು ಕೂತಿದ್ದು ಸೈಡ್ ಬಾಗಿಲ ಪಕ್ಕ. ಪರದೆ ಕಪ್ಪಾಗಿದ್ದೇ ತಡ, ಥಿಯೇಟರ್‌ನೋರು ಆ ಬಾಗಿಲಿನ ಕಬ್ಬಿಣದ ಬೋಲ್ಟ್ ಎಳೆದ್ರು. ಟಕ್! ನನ್ನ ಕಿವಿಯಿಂದ ಒಂದು ಮೊಳ ದೂರ.

ಈಗ ಹೇಳಿ, ಆ ಟಕ್ ಸಿನಿಮಾದ್ದಾ, ಥಿಯೇಟರ್‌ದಾ?

ನನಗೆ ಎಷ್ಟು ಉರೀತು ಗೊತ್ತಾ. ಎರಡೂಕಾಲು ಗಂಟೆ ಕೂತಿದೀವಿ. ನಿರ್ದೇಶಕ, ಸೌಂಡ್ ಮಾಡಿದೋರು, ಆ ಕತ್ತಲೆ ಎಷ್ಟು ಸೆಕೆಂಡ್ ಇರ್ಬೇಕು ಅಂತ ರಾತ್ರಿಗಟ್ಲೆ ತಲೆ ಕೆಡಿಸ್ಕೊಂಡಿರ್ತಾರೆ. ಇವ್ರು ಬಾಗಿಲು ತೆಗ್ದು ಹಗಲು ಬೆಳಕು ಒಳಗೆ ಬಿಟ್ರು. ಜನ ಮೊದ್ಲೇ ಎದ್ದಿದ್ರು. ನನ್ನ ಮುಂದಿನೋರು ಪಂಚೆ ಕೊಡವಿಕೊಂಡು ನಿಂತಿದ್ರು, ಸೀಟಡಿ ಯಾರದ್ದೋ ಚಪ್ಪಲಿ ಹುಡುಕಾಟ. ಇನ್ನು ನಮ್ಮ ಪಚ್ಚಿ ಆ ಹೊತ್ತಿಗೆ ಥಿಯೇಟರಲ್ಲೇ ಇರ್ಲಿಲ್ಲ. ಪಾರ್ಕಿಂಗಲ್ಲಿ ಸಿಕ್ಕಾಕ್ಕೊಳ್ತೀವಿ ಅಂತ ಹತ್ತು ನಿಮಿಷ ಮುಂಚೆ ಹೋಗಿ ಬೈಕ್ ತೆಗ್ದಿದ್ದ. ಅವನದ್ದು ಯಾವಾಗ್ಲೂ ಇದೇ ಕಥೆ. 2022ರಲ್ಲಿ ಕಾಂತಾರ ನೋಡಿ ಬಂದು, ಹೀರೋ ಶಿವ ಕಾಡೊಳಗೆ ಮಾಯ ಆದ, ಮುಗೀತು ಅಂದಿದ್ದ. ಹೆಸರು ಬರುವಾಗ ಮಗ ಅಪ್ಪನ ಬಗ್ಗೆ ಕೇಳೋ ಸೀನ್ ಇದೆ ಅಂತ ಗೊತ್ತಾಗಿದ್ದು ಓಟಿಟಿಗೆ ಬಂದ್ಮೇಲೆ.

ಇದು ಟೀ ಅಂಗಡಿ. ಮಿರ್ಚಿ ಚೆನ್ನಾಗಿತ್ತು, ಟೀ ಸುಮಾರು.

ಇಲ್ಲಿ ನಾನು ಕೈ ಆಡಿಸ್ಕೊಂಡು ಹೇಳ್ತಿರೋದು ಏನಂದ್ರೆ, ಇಂಥ ಕೊನೆಗಳೆಲ್ಲ ಸೋಮಾರಿತನ. ಕಥೆ ಮುಗಿಸಕ್ಕೆ ಬರ್ದೇ ಇದ್ದಾಗ ಕಪ್ಪು ಮಾಡಿ, ನೀವೇ ಯೋಚ್ನೆ ಮಾಡಿ ಅಂತಾರೆ. ದುಡ್ಡು ಕೊಟ್ಟೋನೂ ನಾನೇ, ಕಥೆ ಮುಗಿಸ್ಬೇಕಾದೋನೂ ನಾನೇನಾ? ಶ್ರುತಿ ನಕ್ಕಿದ್ದು ಕಾಣ್ತಲ್ಲ, ಇದಕ್ಕೇ. ಅವಳು ಕೇಳಿದ್ದು, ಹಂಗಾದ್ರೆ ಅನಂತಮೂರ್ತಿ ಬರೆದ ಸಂಸ್ಕಾರ ಕಾದಂಬರಿ ಸೋಮಾರಿತನನಾ? ಪ್ರಾಣೇಶಾಚಾರ್ಯ ಕೊನೇಲಿ ಗಾಡಿ ಹತ್ತಿ ಊರ ಕಡೆ ಹೊರಡ್ತಾನೆ. ನಡೆದಿದ್ದನ್ನ ಅಗ್ರಹಾರದೋರ ಮುಂದೆ ಹೇಳ್ತಾನೋ ಇಲ್ವೋ, ಅನಂತಮೂರ್ತಿ ಹೇಳೋದೇ ಇಲ್ಲ. ಕಾದಂಬರಿ 1965ರದ್ದು, ಸಿನಿಮಾ ಬಂದಿದ್ದು 1970ರಲ್ಲಿ. ನೀನು ಹುಟ್ಟೋಕೆ ಮುಂಚೆನೇ ನಮ್ಮ ಕಡೆಯೋರು ಇದೆಲ್ಲ ಅರಗಿಸ್ಕೊಂಡಿದಾರೆ ಕಣೋ ಅಂದ್ಲು. ನನ್ನ ಬಾಯಿ ಬಂದ್.

ಸರಿ, ಅರ್ಧ ಒಪ್ದೆ. ಅಲ್ಲಿ ಆಚಾರ್ಯ ಏನು ಮಾಡಿದಾನೆ, ಏನು ಕಳ್ಕೊಳ್ತಾನೆ ಎಲ್ಲಾ ನಮಗೆ ಗೊತ್ತು. ಉಳಿದಿದ್ದು ಒಂದೇ ಒಂದು ಹೆಜ್ಜೆ. ಅದನ್ನ ಬಿಟ್ರೆ ಅದು ಕೊನೆ. ಏನೂ ಗೊತ್ತಿಲ್ದೆ ಎಲ್ಲಾ ಬಿಟ್ರೆ ಅದು ಮೋಸ. ಈಗ ಯೋಚಿಸಿದ್ರೆ ಕಾಂತಾರದ್ದೂ ಒಳ್ಳೇ ಕೊನೆ. ಶಿವ ಊರೋರ ಕೈ, ಫಾರೆಸ್ಟ್ ಆಫೀಸರ್ ಕೈ ಎರಡನ್ನೂ ಸೇರಿಸಿ ಎದೆಗೆ ಒತ್ಕೊಂಡಾಗ್ಲೇ ಕಥೆ ಮುಗೀತು, ಅವನು ಎಲ್ಲಿ ಹೋದ ಅನ್ನೋದು ನಮ್ಮ ಆಸೆ ಅಷ್ಟೇ. 2025ರ ಅಕ್ಟೋಬರ್ 2ಕ್ಕೆ ಚಾಪ್ಟರ್ 1 ಬಂದಾಗ ಉತ್ತರ ಸಿಗತ್ತೆ ಅಂತ ಹೋದೋರೆಲ್ಲ ನೇರ ಕದಂಬರ ಕಾಲಕ್ಕೆ ಹೋಗಿ ಬಂದ್ರು. ಕದಂಬ ಅಂದ್ರೆ ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದ ಗೊತ್ತಲ್ಲ, ಅಲ್ಲಿ ಕಲ್ಲಿನ ಕಂಬದ ಶಾಸನ ಇದೆ, ಒಂದು ದಿನ ಅಲ್ಲಿಗೇ ವ್ಲಾಗ್ ಮಾಡ್ಬೇಕು. ಅಯ್ಯೋ, ಶಾಟ್ ಬದಲಾಯ್ತು.

ಇದು ತುಂಗೆ, ಕೋರ್ಪಲಯ್ಯನ ಛತ್ರದ ಹತ್ರ. ಆ ಮಂಟಪ ನೋಡಿ, ಇನ್ನೂ ತಲೆ ಕಾಣ್ತಿದೆ. ಅದು ಮುಳುಗಿದ್ರೇನೇ ನಮ್ಮೂರಿಗೆ ಮಳೆಗಾಲ ಬಂದ ಲೆಕ್ಕ. ವಿನಯ ಇಲ್ಲಿ ಲೂಸಿಯಾ ಬಗ್ಗೆ ಹೇಳ್ತಿದಾನೆ. 2013ರದ್ದು, ಜನರ ಹತ್ರ ದುಡ್ಡು ಸೇರಿಸಿ ಪವನ್ ಕುಮಾರ್ ಮಾಡಿದ್ದು. ಯಾವುದು ಕನಸು, ಯಾವುದು ನಿಜ ಅಂತ ಕೊನೇವರೆಗೂ ಆಡಿಸ್ತಾರೆ. ಹೀರೋ ನಮ್ಮ ಸಾಗರದ ಹೆಗ್ಗೋಡಲ್ಲಿ ನಾಟಕ ಕಲಿತ ಸತೀಶ್ ನೀನಾಸಂ, ಪಾತ್ರ ಥಿಯೇಟರಲ್ಲಿ ಟಾರ್ಚ್ ಬಿಡೋನದ್ದು. ಹೆಗ್ಗೋಡು ಅಂದ್ರೆ 1973ರಲ್ಲೇ ಹಳ್ಳೀಲಿ ಚಿತ್ರಸಮಾಜ ಕಟ್ಟಿದ ಊರು, ಅದನ್ನ ಹೇಳೋಕೆ ಹೋದ್ರೆ ಇನ್ನೊಂದು ಗಂಟೆ ಬೇಕು. ವಿಷಯ ಏನಂದ್ರೆ, ಟಾರ್ಚ್ ಅಂದ ಕೂಡ್ಲೇ ನನಗೆ ಹೊಳೀತು. ಬಾಗಿಲು ತೆಗೆದೋರನ್ನೇ ಕೇಳಿದ್ರೆ ಆಯ್ತಲ್ಲ!

ಹಾಗಾಗಿ ವಾಪಸ್. ಸಂಜೆ ಶೋಗೆ ಮುಂಚೆ. ಕ್ಯಾಮೆರಾ ಬೇಡ ಅಂದ್ರು, ಅದಕ್ಕೇ ನೀವು ಈಗ ನನ್ನ ಚಪ್ಪಲಿ ನೋಡ್ತಿದೀರ. ಜಗಳ ಮಾಡ್ಬೇಕು ಅಂತಾನೇ ಹೋಗಿದ್ದೆ. ಅವರಿಗೆ ಅರವತ್ತರ ಮೇಲೆ ಇರ್ಬೇಕು, ಕುತ್ತಿಗೆಗೆ ಟವಲ್. ಕೊನೇಲಿ ಅಷ್ಟು ಬೇಗ ಯಾಕೆ ತೆಗೀತೀರಿ ಅಂದೆ. ಕಪ್ಪಾದ ಕೂಡ್ಲೇ ಜನ ಬಾಗಿಲಿಗೆ ಬಂದು ನಿಂತ್ಕೊತಾರೆ ಸಾರ್, ತೆಗೀದಿದ್ರೆ ಒದೀತಾರೆ, ದಿನಾ ನಾಲ್ಕು ಶೋನೂ ಇದೇ ಅಂದ್ರು. ಹೋಗ್ಲಿ, ಆ ತಾಯಿ ಚಿಲಕ ತೆಗೀತಾಳಾ ಇಲ್ವಾ, ನೀವು ನೋಡಿದೀರಲ್ಲ ಅಂದೆ.

"ನಾನು ಬಾಗಿಲ ಕಡೆ ತಿರುಗಿರ್ತೀನಲ್ಲ ಸಾರ್."

ಇನ್ನೇನು ಬೈಯ್ಲಿ. ಎಷ್ಟು ವರ್ಷದಿಂದ ಇಲ್ಲಿದೀರಿ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಇಪ್ಪತ್ತು ರೂಪಾಯಿ ಪಾರ್ಕಿಂಗ್ ಇನ್ನೊಂದ್ಸಲ ಕೊಟ್ಟಿದ್ದೊಂದೇ ಬಂದಿದ್ದು.

ಅಂದ್ರೆ ಈ ಮೂರು ದಿನ ಅಲ್ಲಿ ನೋಡಿದೋರಿಗೆಲ್ಲ ಒಂದು ಟಕ್ ಖಂಡಿತ ಕೇಳಿಸಿದೆ. ಸಾಗರ, ಭದ್ರಾವತಿ, ಬೆಂಗ್ಳೂರು, ಎಲ್ಲೇ ನೋಡಿರಿ, ಕಪ್ಪಾದ್ಮೇಲೆ ಸದ್ದು ಇತ್ತಾ ಇಲ್ವಾ ಅಷ್ಟು ಮಾತ್ರ ಬರೀರಿ. ಸಿನಿಮಾ ಹೆಸರು ಬರೀಬೇಡಿ.

ಹಾಂ, ಇನ್ನೊಂದು. ಇದನ್ನ ರೆಕಾರ್ಡ್ ಮಾಡ್ತಿರೋದು ಅಡುಗೆಮನೆಗೆ ಕೇಳಿಸಿದೆ. ನಮ್ಮಮ್ಮ ಸಿನಿಮಾ ನೋಡಿಲ್ಲ. ಸೌಟು ಹಿಡ್ಕೊಂಡೇ ಬಂದು ಕೇಳಿದ್ಲು, "ಅಲ್ವೋ, ಮನೆ ಮಗ ಆದ್ರೆ ಹಿತ್ಲ ಬಾಗಿಲಿಗೆ ಬರ್ತಿದ್ದ. ಮುಂಬಾಗಿಲು ಯಾಕೆ ಬಡೀತಾನೆ?"

ಗ್ರೂಪಿಗೆ ಹಾಕಿದೀನಿ. ಶ್ರುತಿ ನೋಡಿದಾಳೆ, ಅರ್ಧ ಗಂಟೆ ಆಯ್ತು, ಉತ್ತರ ಇಲ್ಲ. ಪಚ್ಚಿ ಕೇಳ್ತಿದಾನೆ, ಯಾವ ಬಾಗಿಲು ಅಂತ.