ಟಿಕೆಟ್ ಇಲ್ಲದ ಪ್ರಯಾಣಿಕರು

ಕೇಳುಗರಿಗೆ ನಮಸ್ಕಾರ.

ಕಾಳಿ ನದಿಯ ದಂಡೆಯಲ್ಲಿ, ಸದಾಶಿವಗಡದ ಗುಡ್ಡ ಎದುರಿಗೆ ಕಾಣುವ ಜಾಗದಲ್ಲಿ, ದೋಣಿ ಇಂಜಿನ್ ರಿಪೇರಿ ಮಾಡುವವ ನಾನು. ಹೋದ ಮಾರ್ಚ್‌ನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಒಬ್ಬರು ಬಂದರು. "ನನ್ನ ಪಾಂಟೂನ್ ಬೋಟು ಕೆಸರಲ್ಲಿ ಬಿದ್ದ ಎಮ್ಮೆ ಆಗಿದೆ ಮಾರಾಯ್ರೆ. ಅರವತ್ತು ಅಶ್ವಶಕ್ತಿಯ ಇಂಜಿನ್ ತೆಗೆದು ತೊಂಬತ್ತರದ್ದು ಹಾಕಿಬಿಡೋಣ" ಅಂದರು.

ಪಾಂಟೂನ್ ಅಂದರೆ ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆ, ಅದರ ಮೇಲೊಂದು ಚಪ್ಪಟೆ ಹಲಗೆ, ಕುರ್ಚಿ, ನೆರಳಿಗೆ ಚಾವಣಿ. ನಮ್ಮ ಪಾತಿ ದೋಣಿಗಿರುವ ಹೊಟ್ಟೆ ಇದಕ್ಕಿಲ್ಲ. ಓಡಲಿಕ್ಕೆ ಹುಟ್ಟಿದ್ದಲ್ಲ, ಆರಾಮಾಗಿ ಕೂರಲಿಕ್ಕೆ ಹುಟ್ಟಿದ್ದು. ಆದರೆ ಓಡಬೇಕಾದಷ್ಟಾದರೂ ಓಡಬೇಕಲ್ಲ.

ತೊಂಬತ್ತು ಹಾಕಿದರೆ ಎಷ್ಟು ಸಿಗುತ್ತದೆ? ಇಂಥ ಬೋಟಿಗೆ ವೇಗ ದುಪ್ಪಟ್ಟಾಗಬೇಕಾದರೆ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟು ಬೇಕು. ಒಂದೂವರೆ ಪಟ್ಟು ಶಕ್ತಿಗೆ ಸಿಗುವುದು ನೂರಕ್ಕೆ ಹದಿನಾಲ್ಕೋ ಹದಿನೈದೋ. ಅವರ ಬೋಟು ಜನ ತುಂಬಿಕೊಂಡು ಗಂಟೆಗೆ 22 ಕಿಲೋಮೀಟರ್ ಓಡುತ್ತಿತ್ತು. ಲಕ್ಷಗಟ್ಟಲೆ ಸುರಿದು 25 ಮುಟ್ಟುವ ಲೆಕ್ಕ! ಮೇಲಾಗಿ ಬೋಟಿಗೆ ಗರಿಷ್ಠ ಎಷ್ಟು ಅಶ್ವಶಕ್ತಿ ಎಂದು ತಯಾರಕರೇ ತಗಡಿನಲ್ಲಿ ಬರೆದಿರುತ್ತಾರೆ. ಅದನ್ನು ಮೀರುವ ಹಾಗಿಲ್ಲ.

"ಮೊದಲು ಬೋಟು ಮೇಲೆತ್ತಿ" ಅಂದೆ.

ಭರತದ ಹೊತ್ತು ನೋಡಿ ಟ್ರೇಲರ್ ಇಳಿಸಿ ಎಳೆದೆವು. ಕೊಳವೆಯ ಅಡಿ ಕಾಣಿಸಿತು. ಮೆಣಸಿನ ಕಾಳಿನಿಂದ ಹಿಡಿದು ಅಡಿಕೆ ಹೋಳಿನ ಗಾತ್ರದ ತನಕ, ಸುಣ್ಣದ ಪುಟ್ಟ ಗೋಪುರಗಳು ಒತ್ತೊತ್ತಾಗಿ ಎದ್ದಿದ್ದವು. ಬಾರ್ನಕಲ್ ಎಂಬ ಚಿಪ್ಪುಜೀವಿಗಳು. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿ. ದೀಪಾವಳಿ ಕಳೆದು ಉಪ್ಪು ಏರುತ್ತ ಬಂದ ಹಾಗೆ ಇವು ಬಂದು ಕಚ್ಚಿಕೊಳ್ಳುತ್ತವೆ. ನವೆಂಬರಿನಿಂದ ನೀರಲ್ಲೇ ಕಟ್ಟಿಟ್ಟಿದ್ದ ಬೋಟು ಅದು. ನುಣುಪಾಗಿ ಜಾರಬೇಕಾದ ಕೊಳವೆ ತೆಂಗಿನಕಾಯಿ ತುರಿಯುವ ಮಣೆ ಆಗಿತ್ತು. ಒಣಗುವ ಮೊದಲೇ ಮರದ ಪಟ್ಟಿಯಿಂದ ಕೆರೆದು ತೆಗೆದೆವು. ಕಬ್ಬಿಣದ ಕೆರೆಯುಳಿ ಬೇಡ, ಅಲ್ಯೂಮಿನಿಯಂ ಗೀರುತ್ತದೆ.

ಆಮೇಲೆ, ಹಲಸಿನ ಹಣ್ಣನ್ನು ಬಡಿದು ನೋಡುವ ಹಾಗೆ, ಬೆರಳ ಗೆಣ್ಣಿನಿಂದ ಕೊಳವೆಯನ್ನು ಬಡಿಯುತ್ತ ಹೋದೆ. ಡಣ್, ಡಣ್, ಡಣ್. ಎಡಗಡೆಯ ಕೊಳವೆಯ ಹಿಂದಿನ ಕೋಣೆಗೆ ಬಂದಾಗ ದಬ್. ಒಳಗೆ ನೀರು! ಬಸಿದು ಅಳೆದರೆ ಎಪ್ಪತ್ತು ಲೀಟರ್. ಎಪ್ಪತ್ತು ಕಿಲೋದ ಒಬ್ಬ ಪ್ರಯಾಣಿಕ ಟಿಕೆಟ್ ಇಲ್ಲದೆ ದಿನವೂ ಹಿಂದಿನ ಮೂಲೆಯಲ್ಲಿ ಕುಳಿತು ಬರುತ್ತಿದ್ದ.

ನೀರು ಹೊಕ್ಕಿದ್ದು ಸೂಜಿಮೊನೆಯಷ್ಟು ತೂತುಗಳಿಂದ. ಅದಕ್ಕೆ ಕಾರಣ, ಹೇಳಲು ನಾಚಿಕೆ, ನಾನೇ. ಎರಡು ವರ್ಷದ ಹಿಂದೆ ಫೈಬರ್ ದೋಣಿಗೆ ಹಚ್ಚಿ ಉಳಿದ ಕೆಂಪು ಬಣ್ಣವನ್ನು, ಚಿಪ್ಪು ಹತ್ತದಿರಲಿ ಅಂತ, ಈ ಕೊಳವೆಗೂ ಬಳಿದಿದ್ದೆ. ಆ ಬಣ್ಣದಲ್ಲಿ ತಾಮ್ರ ಇರುತ್ತದೆ. ಮರಕ್ಕೆ, ಫೈಬರಿಗೆ ಸರಿ. ಅಲ್ಯೂಮಿನಿಯಂ ಮೇಲೆ ತಾಮ್ರ, ಸುತ್ತ ಉಪ್ಪುನೀರು ಅಂದರೆ ಬ್ಯಾಟರಿ ಕಟ್ಟಿಕೊಟ್ಟ ಹಾಗೆ. ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ವೆಲ್ಡಿಂಗ್ ಖರ್ಚು ನಾನೇ ಹಾಕಿಕೊಂಡೆ. ಈ ಸಲ ಎಪಾಕ್ಸಿ ಕೋಟಿಂಗ್ ಕೊಟ್ಟು ತಾಮ್ರವಿಲ್ಲದ ಬಣ್ಣ ಹಚ್ಚಿದ್ದೇವೆ.

ನೀರಿಗೆ ಬಿಟ್ಟಾಗ 26 ಸಿಕ್ಕಿತು, ಅದೇ ಇಂಜಿನ್ನಿನಲ್ಲಿ.

ಇನ್ನೊಂದು ಭಾರ ಎದ್ದು ಓಡಾಡುವಂಥದ್ದು. ದೇವಬಾಗದ ಕಡೆ ಡಾಲ್ಫಿನ್ ಕಾಣಿಸಿತು ಅನ್ನಿ, ಹದಿನೈದು ಜನವೂ ಮೊಬೈಲ್ ಹಿಡಿದು ಮುಂದಿನ ಕಟಕಟೆಗೆ ನುಗ್ಗುತ್ತಾರೆ. ಕೊಳವೆಗಳ ಮೂತಿ ಮುಳುಗುತ್ತದೆ, ನೀರು ಹಲಗೆಯ ಅಡಿಗೆ ಬಡಿಯುತ್ತದೆ, ಹಿಂದೆ ಪ್ರೊಪೆಲ್ಲರ್ ಗಾಳಿ ಕಡೆಯಲು ಶುರು. ಇಂಜಿನ್ ಅರಚುತ್ತದೆ, ಬೋಟು ನಿಂತಲ್ಲೇ. ಜನರನ್ನು ಕೂರಿಸುವಾಗ ನಡುವಿನಿಂದ ತುಸು ಹಿಂದಕ್ಕೆ ಭಾರ ಬರುವ ಹಾಗೆ ನೋಡಿಕೊಳ್ಳಿ. ಪ್ರಾಣಿ ಕಂಡರೆ ಮೊದಲು ವೇಗ ಇಳಿಸಿ, ಆಮೇಲೆ ಎದ್ದು ನಿಲ್ಲಲು ಹೇಳಿ. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿದ್ದನ್ನು ಕಾರವಾರದವರಿಗೆ ನಾನು ನೆನಪಿಸಬೇಕಾಗಿಲ್ಲ. ಚಪ್ಪಟೆ ಹಲಗೆಯ ಈ ಬೋಟನ್ನು ಅಳಿವೆ ದಾಟಿಸಿ ಕಡಲಿಗೆ ಒಯ್ಯುವುದಂತೂ ಬೇಡವೇ ಬೇಡ.

ಈಗ ಪ್ರೊಪೆಲ್ಲರ್. ಅದರ ಮೇಲೆ ಎರಡು ಅಂಕಿ ಇರುತ್ತವೆ: ಒಂದು ಅಡ್ಡಳತೆ, ಇನ್ನೊಂದು ಪಿಚ್. ಪಿಚ್ ಅಂದರೆ ಒಂದು ಸುತ್ತಿಗೆ, ಮರದಲ್ಲಿ ತಿರುಪು ಇಳಿದ ಹಾಗೆ, ಎಷ್ಟು ಇಂಚು ಮುಂದೆ ಸಾಗಬೇಕೋ ಅದು. ನೀರು ಮರವಲ್ಲ, ಜಾರುತ್ತದೆ. ಪಾಂಟೂನಿನಲ್ಲಿ ಮೂರನೇ ಒಂದು ಪಾಲು ಜಾರಿ ಹೋದರೂ ಆಶ್ಚರ್ಯವಿಲ್ಲ. ಇವರ ಬೋಟಿಗೆ 14ರ ಪಿಚ್ ಇತ್ತು. ಹೆಚ್ಚು ಪಿಚ್ ಅಂದರೆ ಹೆಚ್ಚು ವೇಗ ಅಂತ ಯಾರೋ ಹೇಳಿದ್ದರಂತೆ. ಈ ಇಂಜಿನ್ ಪೂರ್ತಿ ತಿರುವಿದಾಗ ನಿಮಿಷಕ್ಕೆ 5,000ದಿಂದ 6,000 ಸುತ್ತು ಬರಬೇಕು. ಬರುತ್ತಿದ್ದದ್ದು 4,700. ಘಾಟಿಯಲ್ಲಿ ಟಾಪ್ ಗೇರ್ ಹಾಕಿದ ಲಾರಿಯ ಕಥೆ. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು ಇನ್ನೂರು ಸುತ್ತು ಏರುತ್ತದೆ. 12ರದ್ದು ಹಾಕಿದೆವು, 5,100ಕ್ಕೆ ಬಂತು. ಬೋಟು 29ಕ್ಕೆ.

ಜತೆಗೆ ಇಂಜಿನ್ನನ್ನು ಬೋಲ್ಟಿನ ಒಂದು ತೂತು, ಅಂದರೆ ಮುಕ್ಕಾಲು ಇಂಚು, ಮೇಲಕ್ಕೆ ಕಟ್ಟಿದೆ. ನೀರೊಳಗಿನ ಇಂಜಿನ್ನಿನ ಕಾಲು ಆಳಕ್ಕಿದ್ದಷ್ಟೂ ನೀರಿನ ತಡೆ ಹೆಚ್ಚು. ತೀರಾ ಮೇಲಾದರೆ ತಿರುವಿನಲ್ಲಿ ಗಾಳಿ ಹಿಡಿಯುತ್ತದೆ. ಹೊರಡುವಾಗ ಟ್ರಿಮ್, ಅಂದರೆ ಇಂಜಿನ್ನಿನ ಓರೆ, ಪೂರ್ತಿ ಒಳಗೆ, ಓಟ ಸಿಕ್ಕ ಮೇಲೆ ಮೆಲ್ಲನೆ ಹೊರಗೆ. ಮಧ್ಯಾಹ್ನದ ಕಡಲಗಾಳಿಗೆ ಎದುರಾಗಿ ಹೋಗುವಾಗ ಚಾವಣಿ ಮಡಚಿಡಿ, ಇಲ್ಲದಿದ್ದರೆ ಅದೇ ಹಾಯಿ. ಹಲಗೆಯ ಅಡಿಗೆ ಅಲ್ಯೂಮಿನಿಯಂ ಶೀಟ್ ಹೊಡೆಸಿದರೆ ಅಡ್ಡಪಟ್ಟಿಗಳಿಗೆ ನೀರು ಬಡಿಯುವುದು ತಪ್ಪುತ್ತದೆ, ಕಾಸಿದ್ದವರು ಮಾಡಿಸಬಹುದು.

ಸಿಕ್ಕ ವೇಗವನ್ನು ಎಲ್ಲಿ ತೋರಿಸಬಾರದು ಎಂಬುದೂ ಇದೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟ ನೀರಲ್ಲಿ ನಿಂತು ಬಳಚು ಹೆಕ್ಕುತ್ತಿರುತ್ತಾರೆ. ನಿಮ್ಮ ಅಲೆಗೆ ಅವರ ಬುಟ್ಟಿ ತೇಲಿಹೋಗುತ್ತದೆ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಗಿಡಗಳ ಬುಡದ ಮಣ್ಣೂ ಆ ಅಲೆಗೇ ಕುಸಿಯುವುದು.

ಅಳೆಯುವಾಗ ಒಂದು ಎಚ್ಚರ. ಒಬ್ಬರು ನನ್ನ ಹತ್ತಿರ 34 ಓಡಿಸಿದೆ ಅಂತ ಎದೆ ತಟ್ಟಿಕೊಂಡರು. ನೋಡಿದರೆ ಇಳಿತದ ನೀರಿನ ಜತೆ ಕೆಳಮುಖವಾಗಿ ಓಡಿಸಿದ್ದರು. ಜಿಪಿಎಸ್ ನೆಲದ ಮೇಲಿನ ವೇಗ ತೋರಿಸುತ್ತದೆ, ಹೊಳೆಯ ಪಾಲನ್ನೂ ಸೇರಿಸಿ. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಓಡಿಸಿ ಸರಾಸರಿ ತೆಗೆಯಿರಿ. ಅಷ್ಟೇ ಜನ, ಅಷ್ಟೇ ಪೆಟ್ರೋಲು ಇಟ್ಟುಕೊಂಡು.

ಆ ಗೃಹಸ್ಥರು ತೊಂಬತ್ತರ ಇಂಜಿನ್ನಿನ ಮಾತು ಮತ್ತೆ ಎತ್ತಲಿಲ್ಲ. ಮೊನ್ನೆ ಸಿಕ್ಕಾಗ ಕೇಳಿದ್ದು ಬೇರೆ: "ನಡುವೆ ಮೂರನೇ ಕೊಳವೆ ಕೂರಿಸಿದರೆ ಇನ್ನೂ ಓಡುತ್ತದಂತಲ್ಲ, ಎಷ್ಟಾಗ್ತದೆ?"

ನಮಸ್ಕಾರ.