ಹೆಚ್ಚಿಟ್ಟ ಅಣಬೆ ಯಾಕೆ ಕಂದಾಗುತ್ತೆ?

ಬೆಳಗ್ಗೆ ಏಳೂವರೆ. ನಿನ್ನೆ ತಂದ 200 ಗ್ರಾಂ ಬಟನ್ ಅಣಬೆ ಇದು. ರಾತ್ರಿ ನಾಲ್ಕನ್ನ ಹೆಚ್ಚಿ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟಿದ್ದೆ. ಈಗ ನೋಡಿ, ಚಾಕು ತಾಗಿದ ಕಡೆಯೆಲ್ಲಾ ಕಂದು. ಅಮ್ಮ ಡಬ್ಬಿ ತೆಗೆದವರೇ, "ಕೆಟ್ಟೋಗಿದೆ ಕಣೇ, ಬಿಸಾಕು" ಅಂದ್ರು. ಈ ವಿಡಿಯೋ ಮೊದಲು ಅವರಿಗೇ.

ಅಣಬೆ ಇಡಿಯಾಗಿದ್ದಾಗ ಅದರೊಳಗೆ ಟೈರೊಸಿನೇಸ್ ಅನ್ನೋ ಕಿಣ್ವ ಒಂದು ಕಡೆ, ಫೀನಾಲ್ ಸಂಯುಕ್ತಗಳು ಇನ್ನೊಂದು ಕಡೆ ಇರ್ತವೆ. ಚಾಕು ಇಳಿದಾಗ ಜೀವಕೋಶ ಒಡೆದು ಎರಡೂ ಬೆರೆಯುತ್ತವೆ. ಈ ಕಿಣ್ವದ ನಡುವೆ ಎರಡು ತಾಮ್ರದ ಅಯಾನುಗಳಿವೆ. ಗಾಳಿಯ ಆಮ್ಲಜನಕವನ್ನ ಹಿಡಿಯೋದು ಅವೇ. ಫೀನಾಲ್ ಕ್ವಿನೋನ್ ಆಗುತ್ತೆ. ಕ್ವಿನೋನ್ ಸುಮ್ಮನಿರೋ ಜಾತಿಯಲ್ಲ, ಒಂದಕ್ಕೊಂದು ಹೆಣೆದುಕೊಂಡು ಕೊನೆಗೆ ಮೆಲನಿನ್ ಅನ್ನೋ ಕಂದು-ಕಪ್ಪು ಬಣ್ಣದ ವಸ್ತು ಆಗುತ್ತೆ. ನಮ್ಮ ಕೂದಲು ಕಪ್ಪಾಗೋದಕ್ಕೂ ಟೈರೊಸಿನೇಸ್ ಬೇಕು! 1895ರಲ್ಲಿ ಫ್ರಾನ್ಸ್‌ನ ಬೂರ್ಕೆಲೊ ಮತ್ತು ಬರ್ಟ್ರಾಂಡ್ ಈ ಕಿಣ್ವವನ್ನ ಗುರುತಿಸಿದ್ದೂ ಕೊಯ್ದರೆ ಕಪ್ಪಾಗೋ ಒಂದು ಅಣಬೆಯಲ್ಲೇ.

ಕ್ಯಾಮೆರಾ ಸ್ವಲ್ಪ ಹತ್ತಿರ ತರ್ತೀನಿ. ಇದೊಂದರ ಟೋಪಿ ಅರಳಿದೆ. ಕೆಳಗಿನ ಪದರಗಳು ಚಾಕೊಲೇಟ್ ಬಣ್ಣ. ಬಟನ್ ಅಣಬೆಯಲ್ಲಿ ಜಿಎಚ್‌ಬಿ ಅಂತ ಚಿಕ್ಕದಾಗಿ ಕರೆಯೋ ಒಂದು ಫೀನಾಲ್ ಇದೆ, ಗ್ಲುಟಾಮಿನಿಲ್ ಹೈಡ್ರಾಕ್ಸಿಬೆಂಜೀನ್. ಇದರ ಬೀಜಕಣಗಳ ಹೊದಿಕೆಯ ಮೆಲನಿನ್ ತಯಾರಾಗೋದು ಮುಖ್ಯವಾಗಿ ಅದರಿಂದ. ಆ ಹೊದಿಕೆ ಬೀಜಕಣವನ್ನ ಬಿಸಿಲಿನಿಂದ ಕಾಯುತ್ತೆ. ಅಂದ್ರೆ ಅಮ್ಮ ಕೊಳೆತಿದೆ ಅಂದ ಬಣ್ಣ, ಅಣಬೆ ತನ್ನ ಮರಿಗಳಿಗೆ ಹೊದಿಸೋ ಕಂಬಳಿಯದೇ ಸಂಬಂಧಿ. ಇದನ್ನ ಮೊದಲು ಓದಿದ ದಿನ ನನಗೆ ತುಂಬಾ ಹೊತ್ತು ಬೇರೆ ಕೆಲಸಕ್ಕೆ ಮನಸ್ಸೇ ಬರಲಿಲ್ಲ.

ಈಗ ಮೂರು ಬಟ್ಟಲು. ಒಂದರಲ್ಲಿ ಹಾಗೇ ಹೆಚ್ಚಿದ್ದು, ಒಂದಕ್ಕೆ ನಿಂಬೆರಸ, ಇನ್ನೊಂದು ಕುದಿಯೋ ನೀರಲ್ಲಿ ಎರಡು ನಿಮಿಷ ಅದ್ದಿ ತೆಗೆದದ್ದು. ವಿಡಿಯೋ ಓಡಿಸಿ ತೋರಿಸ್ತಿದ್ದೀನಿ. ಮೊದಲನೇದು ನಿಧಾನಕ್ಕೆ ಕಂದಾಯ್ತು. ನಿಂಬೆಯದು ಇನ್ನೂ ತಿಳಿಯಾಗಿದೆ: ಹುಳಿಯಲ್ಲಿ ಕಿಣ್ವ ಕುಂಟುತ್ತೆ, ಜೊತೆಗೆ ವಿಟಮಿನ್ ಸಿ ಕ್ವಿನೋನನ್ನ ಹಿಂದಿನ ರೂಪಕ್ಕೆ ತಳ್ಳುತ್ತೆ. ಆ ವಿಟಮಿನ್ ಖರ್ಚಾಗೋವರೆಗೆ ಮಾತ್ರ. ಕುದಿನೀರಿನದರಲ್ಲಿ ಕಿಣ್ವವೇ ಕೆಲಸ ಬಿಟ್ಟಿದೆ. ರಾತ್ರಿಯ ಕಂದು ಹೋಳಿಗೂ ನಿಂಬೆ ಹಿಂಡಿದೆ, ಅದು ಬೆಳ್ಳಗಾಗಲಿಲ್ಲ. ಕಟ್ಟಿದ ಮೆಲನಿನ್ ಬಿಚ್ಚೋದಿಲ್ಲ.

ಇನ್ನೊಂದು ವಿಷಯ. ಈ ಜಾತಿಯ ಮೂಲ ಬಣ್ಣವೇ ಕಂದು. 1920ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ತೋಟವೊಂದರಲ್ಲಿ ಬೆಳ್ಳನೆಯ ಅಣಬೆ ತಾನಾಗಿ ಮೂಡಿತು. ನಾವು ಕೊಳ್ಳೋ ಬಿಳಿಯದರ ಕಥೆ ಅದು. ಅದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಯಿನಾಂಗ್ ಯಾಂಗ್ ಅನ್ನೋ ವಿಜ್ಞಾನಿ ಈ ಕಿಣ್ವದ ಒಂದು ಜೀನನ್ನ ಕ್ರಿಸ್ಪರ್ ಅನ್ನೋ ಜೀನ್ ತಿದ್ದೋ ತಂತ್ರದಿಂದ ತಿದ್ದಿ, ತಡವಾಗಿ ಕಂದಾಗೋ ಅಣಬೆ ಮಾಡಿದರು. 2016ರಲ್ಲಿ ಅದು ದೊಡ್ಡ ಸುದ್ದಿ. ನನ್ನನ್ನ ಕೇಳಿದರೆ, ಬಿಳಿಗಾಗಿ ನಾವು ಇಷ್ಟು ಹಟ ಮಾಡಬೇಕಾಗಿಲ್ಲ.

ದಯವಿಟ್ಟು ಒಂದು ಮಾತು: ಕಾಡಿನ ಅಣಬೆಯನ್ನ ಬಣ್ಣ ನೋಡಿ ತಿನ್ನಬೇಡಿ. ಕೊಯ್ದಾಗ ಬಣ್ಣ ತಿರುಗಿತೋ ಇಲ್ಲವೋ ಅನ್ನೋದರಿಂದ ವಿಷ ಗೊತ್ತಾಗಲ್ಲ. ಅಂಗಡಿಯದಾದ್ರೆ ಮುಟ್ಟಿ, ಮೂಸಿ. ಲೋಳೆಯಾಗಿದ್ರೆ, ವಾಸನೆ ಬಂದ್ರೆ ಬಿಸಾಕಿ.

ಅಮ್ಮ ಈಗ ಅದನ್ನೇ ಮಾಡ್ತಿದ್ದಾರೆ. ಒಂದು ಹೋಳು ಎತ್ತಿದರು, ಬೆರಳಲ್ಲಿ ಉಜ್ಜಿದರು, ಮೂಗಿನ ಹತ್ತಿರ ಹಿಡಿದರು. "ಲೋಳೆ ಇಲ್ಲ ಬಿಡು. ಮೆಣಸು ಕುಟ್ಟು."