ಐವತ್ತನಾಲ್ಕರಲ್ಲಿ ಹತ್ತಿದ ಹುಚ್ಚು

ಎಲ್ಲರಿಗೂ ನಮಸ್ಕಾರ. ಗ್ರಂಥಾಲಯದವರು ಫೋನ್ ಮಾಡಿ "ವಿಜ್ಞಾನದ ಬಗ್ಗೆ ನಾಲ್ಕು ಮಾತಾಡಿ ಸಾರ್" ಅಂದಾಗ ರಾಂಗ್ ನಂಬರ್ ಅಂದುಕೊಂಡೆ. ನಾನು ವಿಜ್ಞಾನಿ ಅಲ್ಲ, ಮೇಷ್ಟ್ರೂ ಅಲ್ಲ. ಬೆಂಗಳೂರಿನಲ್ಲಿ ಮೂವತ್ತು ವರ್ಷ ದಿನಸಿ ಅಂಗಡಿ ನಡೆಸಿದವನು. ತೊಗರಿಬೇಳೆಗೆ ಹುಳ ಯಾವಾಗ ಬೀಳುತ್ತದೆ ಅಂತ ಕೇಳಿದರೆ ಒಂದು ಗಂಟೆ ಮಾತಾಡಬಲ್ಲೆ. ಇವತ್ತು ಹೇಳಬೇಕಿರೋದು ಒಂದು ಒನಕೆಯ ಕತೆ.

ಅದಕ್ಕೆ ಮೊದಲು ಸ್ಕೂಲಿನ ಒಂದು ವಿಷಯ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ನೋಟ್ಸ್ ಬರೆಸುತ್ತಿದ್ದರು, ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಅಂತ. ನಾನು ಎದ್ದು ನಿಂತು "ಯಾರು ಸಾರ್ ಅಳೆದಿದ್ದು, ಟೇಪ್ ಹಿಡ್ಕೊಂಡು ಹೋಗಿದ್ರಾ?" ಅಂದೆ. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ಗೊತ್ತಿರಲಿಲ್ಲ. ಕ್ಲಾಸೆಲ್ಲ ನಕ್ಕಿತು, ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಪಿಯುಸಿಗೆ ಕಾಮರ್ಸ್ ತಗೊಂಡೆ.

ತೊಂಬತ್ತರ ದಶಕದ ಶುರುವಿನಲ್ಲಿ ದೂರದರ್ಶನದಲ್ಲಿ ಟರ್ನಿಂಗ್ ಪಾಯಿಂಟ್ ಅನ್ನೋ ವಿಜ್ಞಾನದ ಕಾರ್ಯಕ್ರಮ ಬರುತ್ತಿತ್ತು, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಗಿರೀಶ್ ಕಾರ್ನಾಡರು ನಡೆಸಿಕೊಡುತ್ತಿದ್ದರು, ಪ್ರೊಫೆಸರ್ ಯಶ್ ಪಾಲ್ ಜನರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಕಾರ್ನಾಡರ ಮುಖ ಕಂಡರೆ ನಮ್ಮವರು ಅಂತ ಎರಡು ನಿಮಿಷ ನೋಡೋದು, ಆಮೇಲೆ ಎದ್ದು ಅಂಗಡಿ ಬಾಗಿಲು ತೆಗೆಯೋದು. ಅಷ್ಟೇ. ನನ್ನಂಥವರ ಪ್ರಶ್ನೆಗಳೇ ಅಲ್ಲಿ ಬರುತ್ತಿದ್ದವು ಅಂತ ಆಗ ಹೊಳೆಯಲೇ ಇಲ್ಲ.

ಈಗ ಒನಕೆಗೆ ಬರ್ತೀನಿ. 2019ರ ಡಿಸೆಂಬರ್ 26, ಸೂರ್ಯಗ್ರಹಣ. ಕೊಡಗಿನ ಕುಟ್ಟದ ಕಡೆ ಸೂರ್ಯ ಬಳೆ ಥರ ಕಾಣಿಸಿದ ದಿನ. ಬೆಂಗಳೂರಿನಲ್ಲೂ ಮುಕ್ಕಾಲಿಗಿಂತ ಜಾಸ್ತಿ ಮುಚ್ಚಿತ್ತು. ಅಂಗಡಿಗೆ ಒಂದು ನರಪಿಳ್ಳೆ ಇಲ್ಲ. ಟಿವಿಯಲ್ಲಿ ಬೆಳಿಗ್ಗೆಯಿಂದ ಯಾವ ರಾಶಿಗೆ ಏನು ಕಾದಿದೆ ಅನ್ನೋದೇ ಮಾತು. ಮನೆಯಲ್ಲಿ ನಮ್ಮವಳು ತಟ್ಟೆಗೆ ನೀರು ಹಾಕಿ ಮಧ್ಯೆ ಒನಕೆ ನಿಲ್ಲಿಸಿದ್ದಳು. ನಿಂತಿತ್ತು! ಗ್ರಹಣ ಬಿಡೋವರೆಗೂ ಬೀಳಲ್ಲ ನೋಡ್ತಿರಿ ಅಂದಳು. ಬೀಳಲಿಲ್ಲ, ಅವಳೇ ಆಮೇಲೆ ತೆಗೆದಿಟ್ಟಳು.

ಅವತ್ತು ರಾತ್ರಿ ಸುಮ್ನೆ ಮೊಬೈಲ್ ನೋಡುತ್ತಾ ಯೂಟ್ಯೂಬಿನಲ್ಲಿ ಒಂದು ಕನ್ನಡ ವಿಡಿಯೋ ಸಿಕ್ಕಿತು. ಒನಕೆಯ ಬುಡ ಸಪಾಟಾಗಿದ್ದರೆ ಯಾವತ್ತು ಬೇಕಾದರೂ ನಿಲ್ಲುತ್ತದೆ, ನೀವೇ ನಿಲ್ಲಿಸಿ ನೋಡಿ ಅಂದ ಆ ಹುಡುಗ. ಎರಡು ದಿನ ಬಿಟ್ಟು, ಅವಳು ದೇವಸ್ಥಾನಕ್ಕೆ ಹೋಗಿದ್ದಾಗ, ಅಡುಗೆಮನೆಯಲ್ಲಿ ಕೂತು ನಿಲ್ಲಿಸಿದೆ. ಎರಡು ಸಲ ಬಿತ್ತು, ಒಂದು ಲೋಟ ಸೊಟ್ಟಗಾಯಿತು. ಮೂರನೇ ಸಲ ಕೈ ಬಿಟ್ಟೆ, ನಿಂತುಬಿಡ್ತು. ನೀರಿಲ್ಲ, ಗ್ರಹಣ ಇಲ್ಲ. ಐವತ್ತನಾಲ್ಕು ವರ್ಷದ ಗಂಡಸು ಒಬ್ಬನೇ ಕೂತು ಒನಕೆ ನೋಡಿ ನಗುತ್ತಿದ್ದೆ. ಬಾಗಿಲಲ್ಲಿ ನಮ್ಮವಳು ನಿಂತಿದ್ದು ಗೊತ್ತಾಗಲಿಲ್ಲ.

ಅಲ್ಲಿಂದ ಹುಚ್ಚು ಹತ್ತಿತು. ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆ ಅಲ್ವಾ, ಕಿವಿಗೆ ಇಯರ್‌ಫೋನ್ ಸಿಗಿಸಿಕೊಂಡು ಕೂತರೆ ನಕ್ಷತ್ರ ಹೇಗೆ ಹುಟ್ಟುತ್ತದೆ, ಮಿದುಳು ಹೇಗೆ ಕೆಲಸ ಮಾಡುತ್ತದೆ, ಎಲ್ಲಾ ನೋಡುತ್ತಿದ್ದೆ, ಅರ್ಧ ಅರ್ಥ ಆಗುತ್ತಿತ್ತು, ಇನ್ನರ್ಧ ಆದ ಹಾಗೆ ಅನ್ನಿಸುತ್ತಿತ್ತು. ಅದೇ ಮೊಬೈಲಿನಲ್ಲಿ ಕಸವೂ ಬರುತ್ತದೆ, ಸೂರ್ಯ ಓಂ ಅನ್ನುತ್ತಾನೆ ಅನ್ನೋ ಥರದ್ದು. ಅದನ್ನೂ ನಾಲ್ಕು ಜನಕ್ಕೆ ಕಳಿಸಿದ್ದೀನಿ, ಸುಳ್ಳು ಯಾಕೆ ಹೇಳಲಿ.

2023ರ ಆಗಸ್ಟ್ 23ರ ಸಂಜೆ ಅಂಗಡಿಯ ಟಿವಿಯಲ್ಲಿ ಚಂದ್ರಯಾನ-3 ಇಳಿಯೋದನ್ನು ಹಾಕಿದ್ದೆ. ಹಾಲಿಗೆ ಬಂದವರೂ ನಿಂತುಬಿಟ್ಟರು. ಒಬ್ಬ ಆಟೋದವರು "ಪ್ಯಾರಾಚೂಟ್ ಯಾಕ್ ಬಿಡಲ್ಲ ಇವ್ರು?" ಅಂದರು. ನನಗೆ ಗೊತ್ತಿತ್ತು! ಚಂದ್ರನಲ್ಲಿ ಗಾಳಿ ಇಲ್ಲ, ಪ್ಯಾರಾಚೂಟ್ ಅರಳೋಕೆ ಏನೂ ಸಿಗಲ್ಲ, ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ವೇಗವನ್ನು ಎಂಜಿನ್ ಉರಿಸಿಯೇ ಇಳಿಸಬೇಕು ಅಂತ ಹೇಳಿದೆ. 6 ಗಂಟೆ 4 ನಿಮಿಷಕ್ಕೆ ಇಳಿಯಿತು. ಆಟೋದವರು ನನ್ನ ಕೈ ಕುಲುಕಿದರು, ನಾನೇ ಇಳಿಸಿದ ಹಾಗೆ.

ಆದರೆ ಆ ರಾತ್ರಿ ಏನೋ ಕಸಿವಿಸಿ. ನಾನು ಹೇಳಿದ್ದೆಲ್ಲ ಯಾರೋ ಹೇಳಿದ್ದು. ಮೇಷ್ಟ್ರ ನೋಟ್ಸಿಗೂ ಇದಕ್ಕೂ ಏನು ವ್ಯತ್ಯಾಸ? ಇಷ್ಟು ವರ್ಷದಲ್ಲಿ ನಾನು ಕೈಯಾರೆ ನೋಡಿದ್ದು ಅಂದರೆ ಒನಕೆ ಒಂದೇ.

ಆ ಒನಕೆಯನ್ನೇ ಹೆಗಲ ಮೇಲೆ ಇಟ್ಟುಕೊಂಡು 2024ರ ಏಪ್ರಿಲ್ 24ಕ್ಕೆ ತಾರಸಿ ಹತ್ತಿದೆ. ಬೆಂಗಳೂರಿಗೆ ವರ್ಷದಲ್ಲಿ ಎರಡು ಸಲ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತದೆ. ದೆಹಲಿಗೆ ಈ ಭಾಗ್ಯ ಇಲ್ಲ, ಸೂರ್ಯ ಅಷ್ಟು ಉತ್ತರಕ್ಕೆ ಹೋಗೋದೇ ಇಲ್ಲ. ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಒನಕೆಯ ನೆರಳು ಕುಗ್ಗಿ ಕುಗ್ಗಿ ಅದರ ಬುಡದೊಳಗೇ ಹೋಗಿಬಿಡ್ತು. ಬಿಸಿಲಿನಲ್ಲಿ ಒನಕೆ ಇದೆ, ನೆರಳಿಲ್ಲ. ನೀರಿನ ಪೈಪಿಗೂ ಇಲ್ಲ, ಬಟ್ಟೆ ಒಣಗಿಸೋ ಕಂಬಕ್ಕೂ ಇಲ್ಲ.

ಅದೇ ನಿಮಿಷಕ್ಕೆ ಬೀದರಿನಲ್ಲಿ ನನ್ನ ತಂಗಿ ಅವಳ ತಾರಸಿಯಲ್ಲಿ ನಿಂತಿದ್ದಳು. ಬೀದರ್ ಯಾಕೆ ಅಂದರೆ ನಕ್ಷೆಯಲ್ಲಿ ಅದು ಬೆಂಗಳೂರಿಗೆ ಹೆಚ್ಚುಕಮ್ಮಿ ನೇರ ಉತ್ತರಕ್ಕಿದೆ, ಎರಡೂ ಕಡೆ ನಡುಮಧ್ಯಾಹ್ನ ಒಟ್ಟಿಗೇ ಆಗುತ್ತದೆ. ಭಾವನವರದು ಬಟ್ಟೆ ಅಂಗಡಿ, ಅಲ್ಲಿನ ಕಬ್ಬಿಣದ ಮೀಟರ್ ಕಡ್ಡಿ ತರಿಸಿದ್ದೆ. ದಾರಕ್ಕೆ ಬೀಗ ಕಟ್ಟಿ ಇಳಿಬಿಟ್ಟು ಕಡ್ಡಿ ನೆಟ್ಟಗಿದೆಯಾ ನೋಡು ಅಂತ ಹೇಳಿದ್ದೆ. ಫೋನಿನಲ್ಲಿ ಅವಳ ಬೈಗುಳ. "ಇಲ್ಲಿ ಬಿಸಿಲಿಗೆ ಕಾಲು ಸುಡ್ತಿದೆ, ನಿಂಗೆ ತಲೆ ಕೆಟ್ಟಿದೆಯಾ ಅಣ್ಣ?" ಏಳನೇ ಕ್ಲಾಸಿನ ಅವಳ ಮೊಮ್ಮಗ ಸ್ಕೇಲ್ ಇಟ್ಟು ಕೂಗಿದ, "ತಾತ, ಒಂಬತ್ತು ಸೆಂಟಿಮೀಟರ್! ಉತ್ತರಕ್ಕೆ ಬಿದ್ದಿದೆ!"

ಕೆಳಗೆ ಬಂದು ಲೆಕ್ಕದ ಪುಸ್ತಕದ ಹಿಂದೆ ಚಿತ್ರ ಬರೆದೆ. ನಿಂತ ಗೆರೆ ಹತ್ತು ಸೆಂಟಿಮೀಟರ್, ನೆರಳು ಒಂಬತ್ತು ಮಿಲಿಮೀಟರ್. ಕೋನಮಾಪಕ ಇಟ್ಟರೆ ಐದು ಡಿಗ್ರಿ, ಕೂದಲೆಳೆಯಷ್ಟು ಜಾಸ್ತಿ. ಬಿಸಿಲು ಎರಡೂ ಊರಿಗೆ ಒಂದೇ ದಿಕ್ಕಿನಿಂದ ಬರುತ್ತದೆ, ಭೂಮಿ ಗುಂಡಗಿರೋದಕ್ಕೆ ಬೀದರಿನ ಕಡ್ಡಿ ನನ್ನ ಒನಕೆಗಿಂತ ಅಷ್ಟು ಓರೆ, ಅಂದರೆ ಎರಡು ಊರಿನ ನಡುವೆ ಭೂಮಿ ಐದು ಡಿಗ್ರಿ ಬಾಗಿದೆ. ಪೂರ್ತಿ ಸುತ್ತು 360 ಡಿಗ್ರಿ, ಅಂದರೆ ಇಂಥ ತುಂಡು 72. ಬೆಂಗಳೂರಿನಿಂದ ಬೀದರಿಗೆ ನೇರ ದೂರ ಸುಮಾರು 550 ಕಿಲೋಮೀಟರ್. ಗುಣಿಸಿದರೆ 39,600. ನನ್ನ ಕೈ ನಡುಗಿತು, ನಿಜವಾಗಿ.

ಎರಟೋಸ್ಥನೀಸ್ ಅನ್ನೋ ಗ್ರೀಕ್ ಮನುಷ್ಯ 2,200 ವರ್ಷದ ಹಿಂದೆ ಈಜಿಪ್ಟಿನಲ್ಲಿ ಹೀಗೇ ಮಾಡಿದ್ದ. ಸಯೀನ್ ಊರಿನಲ್ಲಿ ನೆರಳಿಲ್ಲದ ದಿನ ಅಲೆಗ್ಸಾಂಡ್ರಿಯದ ನೆರಳು ಅಳೆದು, ಕೋನ ಸುತ್ತಿನ ಐವತ್ತನೇ ಒಂದು ಭಾಗ ಅಂತ ಕಂಡುಕೊಂಡ. ಮೇಷ್ಟ್ರು ಅವತ್ತು ಇದನ್ನು ಹೇಳೋಕೆ ಎಷ್ಟು ಹೊತ್ತು ಬೇಕಿತ್ತು? ಐದು ನಿಮಿಷ.

ಮೊಮ್ಮಗ ಮಾತ್ರ ಬಿಡಲಿಲ್ಲ. "ದೂರ ಮೊಬೈಲ್ ಮ್ಯಾಪಲ್ಲಿ ನೋಡಿದ್ರಲ್ಲ ತಾತ, ಆ ಮ್ಯಾಪಿಗೆ ಭೂಮಿ ಎಷ್ಟು ದೊಡ್ಡದು ಅಂತ ಮೊದಲೇ ಗೊತ್ತಿರುತ್ತೆ. ಇದು ಕಾಪಿ ಹೊಡೆದ ಹಾಗಲ್ವಾ?" ಕಾಪಿಯೇ. ಉತ್ತರ ಹೇಳೋಕೆ ಆಗಲಿಲ್ಲ. ದೂರವನ್ನೂ ನಾವೇ ಅಳೆಯೋದು ಹೇಗೆ ಅಂತ ಇಬ್ಬರೂ ಯೋಚಿಸುತ್ತಿದ್ದೀವಿ. ಬಸ್ಸಿನ ಮೀಟರ್ ಆಗಲ್ಲ, ರಸ್ತೆ ಸುತ್ತಿಕೊಂಡು ಹೋಗುತ್ತದೆ.

ಬೀದರಿಗೆ ಸೂರ್ಯ ನೆತ್ತಿಗೆ ಬರೋದು ಮೇ 11ರ ಹೊತ್ತಿಗೆ. ಅವತ್ತು ನೆರಳಿಲ್ಲದಿರೋದು ಅವರಿಗೆ, ನಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತದೆ. ತಂಗಿ ಮೊನ್ನೆ ಫೋನ್ ಮಾಡಿದ್ದಳು. ಈ ಸಲ ಒನಕೆ ನಿಲ್ಲಿಸೋದು ಅವಳಂತೆ, ಬಿಸಿಲಲ್ಲಿ ಬಗ್ಗಿ ಅಳೆಯೋದು ನಾನಂತೆ.